ತೊಂಬತ್ತೈದಕ್ಕೇ ಕುದಿಯುವ ನೀರು

ನಮ್ಮ ಮನೆಗೆ ಬೇಕಾದಷ್ಟು ಜಗಳವನ್ನು ನಾನೊಬ್ಬಳೇ ಆಡಿ ಮುಗಿಸುತ್ತೇನೆ ಎಂದು ಅಮ್ಮ ನನ್ನ ಬಗ್ಗೆ ಹೇಳುತ್ತಿದ್ದಳು. ಅಕ್ಕನಿಗೆ ಉಳಿದದ್ದು ತಾಳ್ಮೆ. ಅದಕ್ಕೆ ತಕ್ಕ ಕೆಲಸವೇ ಅವಳಿಗೆ ಸಿಕ್ಕಿತು. ಬೆಟ್ಟದ ಮೇಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳು ಲ್ಯಾಬ್ ಅಟೆಂಡರ್. ಹನ್ನೊಂದು ವರ್ಷದಲ್ಲಿ ಅವಳ ಕೈಯಿಂದ ಜಾರಿ ಒಡೆದದ್ದು ಒಂದೇ ಒಂದು ಗಾಜಿನ ನಳಿಕೆ, ಅದನ್ನು ಇವತ್ತಿಗೂ ಯಾರೋ ಹತ್ತಿರದವರು ಹೋದ ಹಾಗೆ ನೆನೆಸಿಕೊಳ್ಳುತ್ತಾಳೆ. ಹುಡುಗಿಯರು ಅವಳಿಗೆ ಗಾಜಮ್ಮ ಎಂದು ಹೆಸರಿಟ್ಟಿದ್ದರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ.

ನಾನಿರುವುದು ಬೆಟ್ಟದ ಬುಡದ ಊರಿನಲ್ಲಿ. ಮನೆಯ ಮುಂದಿನ ಕೋಣೆಯಲ್ಲೇ ನನ್ನ ಹೊಲಿಗೆ ಯಂತ್ರ. ಒಂದು ಶನಿವಾರ ಮಧ್ಯಾಹ್ನ ಯಾರದೋ ರವಿಕೆಗೆ ತೋಳು ಕೂರಿಸುತ್ತಿದ್ದಾಗ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಹೇಳದೆ ಕೇಳದೆ ಬರುವವಳೇ ಅಲ್ಲ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಅರ್ಧ ನೀರಿದ್ದ ಪ್ಲಾಸ್ಟಿಕ್ ಬಾಟಲಿ.

"ಒಲೆ ಖಾಲಿ ಇದ್ಯಾ?" ಎಂದಳು. ಹೇಗಿದ್ದೀಯ ಎಂದೂ ಕೇಳಲಿಲ್ಲ.

ಚೀಲದಿಂದ ಟವೆಲ್ ಸುತ್ತಿದ ಮೂರು ಥರ್ಮಾಮೀಟರ್ ಹೊರಬಂದವು, ಅವುಗಳ ಹಿಂದೆಯೇ ಮಡಿಸಿದ ಒಂದು ಕಾಗದ. ನಾನು ಕಾಗದವನ್ನೇ ಮೊದಲು ಕಿತ್ತುಕೊಂಡೆ. ಹೆಡ್ ಮೇಡಂ ಕೊಟ್ಟ ಮೆಮೊ ಅದು. ಪ್ರಯೋಗಾಲಯದ ಹನ್ನೆರಡು ಥರ್ಮಾಮೀಟರುಗಳೂ ಕೆಟ್ಟಿವೆ. ಅಟೆಂಡರ್ ಅವನ್ನು ಉರಿಗೆ ಹಿಡಿದು ಹಾಳು ಮಾಡಿರುವಂತೆ ಕಾಣುತ್ತದೆ. ಸೋಮವಾರದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಬೇಕು, ಇಲ್ಲದಿದ್ದರೆ ಪ್ರಯೋಗಾಲಯದ ಕೀಲಿಕೈ ಒಪ್ಪಿಸಬೇಕು.

ನನಗೆ ಮೈಯೆಲ್ಲ ಉರಿಯಿತು. "ನಿನ್ನ ಕೈಯಲ್ಲಿ ಗಾಜು ಹಾಳಾಗತ್ತಾ? ಯಾವ ಮಹಾತಾಯಿ ಹೇಳಿದ್ದು?"

"ಹೊಸ ಸೈನ್ಸ್ ಮೇಡಂ. ನಲ್ಲಿ ನೀರು ಹಿಡಿದು ತಾವೇ ಕುದಿಸಿದ್ರು. ನೂರು ಬರ್ಬೇಕಲ್ಲ, ತೊಂಬತ್ತೈದಕ್ಕೆ ನಿಂತುಬಿಡ್ತು. ಹನ್ನೆರಡರಲ್ಲೂ ಅಷ್ಟೇ."

"ಹನ್ನೆರಡೂ ಒಟ್ಟಿಗೆ, ಒಂದೇ ಲೆಕ್ಕಕ್ಕೆ ಕೆಡತ್ತಾ?"

"ಅದೇ ನನಗೂ ಅನುಮಾನ. ಮೀಟರ್ ಸರಿಯಿದ್ದು ನಮ್ಮ ಬೆಟ್ಟದ ನೀರೇ ಸರಿಯಿಲ್ವೇನೋ. ಅದಕ್ಕೇ ಮೇಡಂ ಹತ್ರ ಕೇಳಿ ಮೂರು ಮೀಟರ್ ತಂದೆ. ಅಲ್ಲಿಯ ನೀರೂ ತಂದೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗಾಯ್ತು ನಿನ್ನ ಕಥೆ" ಎಂದು ನಕ್ಕೆ. ಅವಳು ನಗಲಿಲ್ಲ. ಹನ್ನೊಂದು ವರ್ಷ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕೀಲಿಕೈ ಹೋಗುತ್ತದೆ ಎಂದರೆ ಅವಳಿಗೆ ನಗು ಬರುವುದಾದರೂ ಎಲ್ಲಿಂದ? ಅಂದ ತಕ್ಷಣ ನನಗೇ ಕೆಟ್ಟದೆನಿಸಿತು.

ಮಾತು ಮರೆಸಲು ಬಾಟಲಿ ಎತ್ತಿಕೊಂಡೆ. ಅದರ ಹೊಟ್ಟೆ ಒಳಕ್ಕೆ ಹೋಗಿತ್ತು, ಯಾರೋ ಮುಷ್ಟಿಯಲ್ಲಿ ಹಿಸುಕಿದ ಹಾಗೆ.

"ಬಸ್ಸಲ್ಲಿ ಇದರ ಮೇಲೆ ಕೂತಿದ್ಯಾ?"

"ಇಲ್ಲ ಕಣೇ, ಮಡಿಲಲ್ಲೇ ಇಟ್ಕೊಂಡಿದ್ದೆ. ಹೊರಡೋವಾಗ ಸರಿಯಾಗೇ ಇತ್ತು."

ಮುಚ್ಚಳ ತಿರುಗಿಸಿದೆ. ಸುಯ್ ಎಂದು ಗಾಳಿ ಒಳಗೆ ನುಗ್ಗಿತು, ಬಾಟಲಿ ಟಪ್ ಎಂದು ಮೊದಲಿನ ಆಕಾರಕ್ಕೆ ಬಂತು. ಅಕ್ಕ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತುಂಬಾ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು.

ಮೊದಲು ನನ್ನ ಮನೆಯ ನೀರನ್ನು ಪಾತ್ರೆಯಲ್ಲಿಟ್ಟು ಕುದಿಸಿದೆವು. ಅಕ್ಕ ಥರ್ಮಾಮೀಟರನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಇಳಿಬಿಟ್ಟಳು. ತಳದಲ್ಲಿ ಸಣ್ಣ ಗುಳ್ಳೆಗಳು ಕಂಡವು. ಕುದಿಯಿತು ಎಂದೆ. ಅದು ನೀರಲ್ಲಿ ಕರಗಿದ್ದ ಗಾಳಿ, ಸುಮ್ಮನಿರು ಎಂದಳು. ಆಮೇಲೆ ದೊಡ್ಡ ಗುಳ್ಳೆಗಳು ತಳದಿಂದಲೇ ಎದ್ದು ಮೇಲೆ ಬಂದು ಒಡೆಯತೊಡಗಿದವು. ಪಾದರಸ ಹತ್ತಿತು, ಹತ್ತಿತು, ನೂರರ ಗೆರೆಗೆ ಕೂದಲೆಳೆಯಷ್ಟು ಕೆಳಗೆ ನಿಂತಿತು. ನಾನು ಉರಿ ಪೂರ್ತಿ ದೊಡ್ಡದು ಮಾಡಿದೆ. ನೀರು ಕೊತಕೊತ ಎಂದಿತೇ ಹೊರತು ಪಾದರಸ ಅಲ್ಲಾಡಲಿಲ್ಲ.

"ಬೆಂಕಿ ಜಾಸ್ತಿಯಾದ್ರೂ ಬಿಸಿ ಜಾಸ್ತಿಯಾಗಲ್ವಾ?"

"ಆಗಲ್ಲ. ನೀರಿನ ಕಣಗಳು ಒಂದಕ್ಕೊಂದು ಕೈ ಹಿಡ್ಕೊಂಡಿರ್ತವೆ. ಬಿಡಿಸ್ಕೊಂಡು ಆವಿಯಾಗಿ ಹೋಗೋಕೇ ಬಂದ ಬಿಸಿಯೆಲ್ಲ ಖರ್ಚು. ನೀರು ಬೇಗ ಬತ್ತಿಹೋಗತ್ತೆ, ಅಷ್ಟೇ."

ಉಳಿದೆರಡು ಥರ್ಮಾಮೀಟರುಗಳೂ ಅದೇ ಗೆರೆ ತೋರಿಸಿದವು. ಆಮೇಲೆ ಬೆಟ್ಟದ ನೀರು. ಅದೂ ಅದೇ ಗೆರೆಗೇ ಬಂತು. ಅಂದರೆ ಮೀಟರಿನ ತಪ್ಪಲ್ಲ, ನೀರಿನ ತಪ್ಪೂ ಅಲ್ಲ. ಅಕ್ಕ ನೆಲದ ಮೇಲೆ ಕೂತುಬಿಟ್ಟಳು, ಬಾಟಲಿ ಮಡಿಲಲ್ಲಿತ್ತು.

"ಗಾಳಿ ಕಣೇ" ಎಂದಳು. "ಇಲ್ಲಿ ನಮ್ಮ ತಲೆ ಮೇಲೆ ಗಾಳಿ ಜಾಸ್ತಿ, ಅದಕ್ಕೇ ಬಾಟಲಿನ ಹಿಸುಕಿದ್ದು. ಬಸ್ಸು ನಿಲ್ದಾಣಕ್ಕೆ ಬಂದಾಗ ಹತ್ತೋರು ಬಾಗಿಲಲ್ಲಿ ಮುಗಿಬಿದ್ರೆ ಇಳಿಯೋರು ಎಷ್ಟು ಜೋರಾಗಿ ನೂಕ್ಬೇಕು? ಗುಳ್ಳೆನೂ ಹಾಗೇ. ಮೇಲಿಂದ ಒತ್ತೋ ಗಾಳಿನ ನೂಕಿ ನಿಲ್ಲೋ ಅಷ್ಟು ಬಿಸಿ ಬೇಕು. ನಮ್ಮ ಬೆಟ್ಟದಲ್ಲಿ ಬಾಗಿಲ ಹತ್ರ ಜನ ಕಮ್ಮಿ. ತೊಂಬತ್ತೈದಕ್ಕೇ ಇಳಿದು ಹೋಗ್ತವೆ."

ಅಲ್ಲಿ ಬೇಳೆ ಬೇಯುವುದಿಲ್ಲ ಎಂದು ಅವಳು ವರ್ಷಗಟ್ಟಲೆ ಗೊಣಗಿದ್ದು ನನಗೆ ನೆನಪಾಯಿತು. ನಿನಗೆ ಬೇಯಿಸಲು ಬರುವುದಿಲ್ಲ ಎಂದು ನಾನು ಅಷ್ಟೇ ವರ್ಷ ಆಡಿಕೊಂಡಿದ್ದೆ. ಖುಷಿಯಲ್ಲಿ ಅವಳ ಬೆನ್ನಿಗೊಂದು ಗುದ್ದಿದೆ. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಹಾಗಾದ್ರೆ ಇಷ್ಟು ವರ್ಷ ಆ ಹುಡುಗಿಯರಿಗೆ ನೂರು ಹೇಗೆ ಬರ್ತಿತ್ತು?"

ಅಕ್ಕ ಟವೆಲಿನಿಂದ ಥರ್ಮಾಮೀಟರ್ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಉಪ್ಪು" ಎಂದಳು.

ಮೊದಲ ವರ್ಷ ಹಳೆಯ ಮೇಡಂ ಅವಳನ್ನು ಬೈದಿದ್ದರಂತೆ. ನೂರು ಬರದಿದ್ದರೆ ಹುಡುಗಿಯರ ಅಂಕ ಹೋಗುತ್ತದೆ, ಏನಾದರೂ ಮಾಡು ಎಂದಿದ್ದರಂತೆ. ಒಂದು ದಿನ ಉಪ್ಪುನೀರಿದ್ದ ಬೀಕರನ್ನು ಮರೆತು ಒಲೆಗಿಟ್ಟಾಗ ಪಾದರಸ ಮೇಲೆ ಹತ್ತಿದ್ದನ್ನು ಅಕ್ಕ ಕಂಡಳು. ಉಪ್ಪಿನ ಕಣಗಳು ನಡುವೆ ಸೇರಿಕೊಂಡರೆ ನೀರಿನ ಕಣಗಳಿಗೆ ಹೊರಗೆ ಹೋಗುವುದು ಇನ್ನೂ ಕಷ್ಟ. ಎರಡು ಲೋಟ ನೀರಿಗೆ ಎರಡು ಹಿಡಿ ಹಾಕಿದರೆ ಸರಿಯಾಗಿ ನೂರು. ಅಂದಿನಿಂದ ಪ್ರತಿ ತರಗತಿಗೂ ಮುಂಚೆ ಅವಳು ಬೀಕರುಗಳಿಗೆ ಉಪ್ಪು ಕರಗಿಸಿ ಇಡುತ್ತಿದ್ದಳು. ಹೊಸ ಮೇಡಂ ತಾವೇ ನಲ್ಲಿ ತಿರುಗಿಸಿದ್ದರಿಂದ ಈಗ ಎಲ್ಲ ಬಯಲಾಗಿತ್ತು.

"ಮೀಟರ್ ಕೆಟ್ಟಿದೆ, ನಾನು ಮುಚ್ಚಿಡ್ತಿದ್ದೀನಿ ಅಂತಲೇ ಇಷ್ಟು ವರ್ಷ ಹೆದರ್ಕೊಂಡಿದ್ದೆ" ಎಂದಳು.

ಭಾನುವಾರ ನನ್ನ ಹೊಲಿಗೆ ಯಂತ್ರದ ಮೇಲೇ ಕಾಗದವಿಟ್ಟು ಉತ್ತರ ಬರೆಯಲು ಕೂತಳು.

"ಮೀಟರ್ ಸರಿಯಿದೆ ಅಂತಷ್ಟೇ ಬರಿ. ಉಪ್ಪಿನ ಸುದ್ದಿ ಎತ್ತಬೇಡ" ಎಂದೆ. "ಕೀಲಿಕೈ ಉಳಿಯತ್ತೆ. ಯಾರಿಗೆ ಗೊತ್ತಾಗತ್ತೆ?"

"ಆ ಹುಡುಗಿಯರು ಬೆಟ್ಟದ ಮೇಲೆ ನಿಂತು ಬುಡದ ಲೆಕ್ಕ ಬರೆದಿದ್ದಾರೆ ಕಣೇ. ನಾನು ಬರೆಸಿದ್ದು." ಅವಳ ಕಣ್ಣು ತುಂಬಿತ್ತು. "ಉಪ್ಪು ತಿಂದೋರು ನೀರು ಕುಡೀಲೇಬೇಕು."

ಅವಳು ಬರೆದದ್ದು ಎರಡೇ ಸಾಲು: 'ಥರ್ಮಾಮೀಟರುಗಳು ಸರಿಯಾಗಿವೆ. ಹನ್ನೊಂದು ವರ್ಷ ನೂರು ತೋರಿಸಿದ್ದು ನಾನು ಹಾಕಿದ ಉಪ್ಪು.' ನನಗೆ ಸಿಟ್ಟು ಬಂದು ಆ ದಿನ ಅವಳ ಹತ್ತಿರ ಮಾತೇ ಆಡಲಿಲ್ಲ. ಬಸ್ಸಿಗೆ ಹತ್ತಿಸುವಾಗ ಮಾತ್ರ ಬಾಟಲಿಗೆ ನಮ್ಮ ಮನೆಯ ನೀರು ತುಂಬಿಸಿ ಕೊಟ್ಟೆ.

ಮುಂದಿನದ್ದು ಅಕ್ಕ ಫೋನಿನಲ್ಲಿ ಹೇಳಿದ್ದು. ಹೆಡ್ ಮೇಡಂ ಪತ್ರ ಓದಿ ಕೀಲಿಕೈ ಮೇಜಿನ ಮೇಲಿಡಲು ಹೇಳಿದರು. ಅಕ್ಕ ಇಟ್ಟಳು. ಆದರೆ ಹೊಸ ಸೈನ್ಸ್ ಮೇಡಂ ಪತ್ರವನ್ನು ಎರಡು ಸಲ ಓದಿ ಹಣೆ ಚಚ್ಚಿಕೊಂಡರು. "ನಾನು ಓದಿದ ಪಾಠವೇ ಇದು. ಇದು ಬೆಟ್ಟ ಅನ್ನೋದನ್ನೇ ಮರೆತುಬಿಟ್ಟೆ" ಎಂದರು. ಮೇಜಿನ ಮೇಲಿನ ಕೀಲಿಕೈಯನ್ನು ತಾವೇ ಎತ್ತಿ ಅಕ್ಕನಿಗೆ ಕೊಟ್ಟು, "ಬನ್ನಿ, ತರಗತಿಗೆ ಹೊತ್ತಾಯ್ತು" ಎಂದರು.

ಎರಡು ಬೀಕರ್ ಇಟ್ಟರು. ಒಂದರಲ್ಲಿ ಬರೀ ನೀರು. ಇನ್ನೊಂದಕ್ಕೆ ಎಲ್ಲರ ಎದುರಿಗೆ ಅಕ್ಕನೇ ಉಪ್ಪು ಹಾಕಬೇಕಾಯಿತು. ಅರ್ಧ ಉಪ್ಪು ಮೇಜಿನ ಮೇಲೇ ಚೆಲ್ಲಿತಂತೆ. ಒಂದು ತೊಂಬತ್ತೈದಕ್ಕೆ ಕುದಿಯಿತು. ಇನ್ನೊಂದು, ಚೆಲ್ಲಿದ್ದನ್ನು ಬಳಿದು ಹಾಕಿದ ಮೇಲೆ, ನೂರಕ್ಕೆ.

"ಗಾಜಮ್ಮ, ಇದರಲ್ಲಿ ಯಾವುದು ಸರಿ?" ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು. ಮೇಡಂ ಅಕ್ಕನ ಕಡೆ ನೋಡಿದರು.

"ಎರಡೂ ಸರಿ ಕಣಮ್ಮ" ಎಂದಳು ಅಕ್ಕ. "ಎರಡನೇದರ ಪಕ್ಕ ಉಪ್ಪು ಹಾಕಿದೆ ಅಂತ ಬರ್ಕೋಬೇಕು, ಅಷ್ಟೇ. ನಾನು ಬರ್ಕೊಂಡಿರಲಿಲ್ಲ."