ಬಾಯಿ ತೆರೆಯದ ಇಂಗ್ಲಿಷ್

ಬನಹಟ್ಟಿಯ ನಮ್ಮ ಓಣಿಯಲ್ಲಿ ಕರೆಂಟ್ ಹೋದರೆ ನನ್ನ ಇಂಗ್ಲಿಷ್ ಪಾಠ ಶುರು. ಕರೆಂಟ್ ಇದ್ದಷ್ಟು ಹೊತ್ತು ಪಕ್ಕದ ಮನೆಯ ಪವರ್‌ಲೂಮುಗಳ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳುವುದಿಲ್ಲ. ಆ ದಿನಗಳಲ್ಲಿ ನನ್ನ ಹತ್ತಿರ ಕಲಿಯಲು ಬರುತ್ತಿದ್ದವಳು ಆ ಮನೆಯ ಸೊಸೆ. ಜಮಖಂಡಿಯಲ್ಲಿ ಬಿ.ಎ. ಮುಗಿಸಿದವಳು. ಮುಧೋಳದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನರ್ಸರಿ ಮಕ್ಕಳಿಗೆ ಕಲಿಸುವ ಕೆಲಸ ಖಾಲಿಯಿತ್ತು. ಅದು ಸಿಕ್ಕರೆ ಹೋಗು, ಸಿಗದಿದ್ದರೆ ಮತ್ತೆ ನೌಕರಿಯ ಮಾತೆತ್ತಬೇಡ ಎಂದು ಅತ್ತೆ ಹೇಳಿಬಿಟ್ಟಿದ್ದರು.

ನಾವು ಸಿಕ್ಕಿಬಿದ್ದದ್ದು ‘ಪೆನ್’ ಮತ್ತು ‘ಪ್ಯಾನ್’ ನಡುವೆ. ಎರಡನ್ನೂ ಅವಳು ಪೆನ್ ಅಂತಲೇ ಅನ್ನುತ್ತಿದ್ದಳು. ಮೆನ್, ಮ್ಯಾನ್ ಕೂಡ ಹಾಗೇ. ಕೈಗೆ ಕನ್ನಡಿ ಕೊಟ್ಟೆ. ಗದ್ದಕ್ಕೆ ಬೆರಳಿಟ್ಟು ಕೆಳಗೆಳೆದೆ. ಬೆರಳು ತೆಗೆದದ್ದೇ ತಡ, ತುಟಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ನನಗೆ ತಲೆ ಚಿಟ್ಟು ಹಿಡಿದುಹೋಯಿತು.

“ಬಾಯಿ ತಗೀಯವಾ, ಮುತ್ತು ಉದುರ್ತಾವೇನು?”

“ಇಂಗ್ಲಿಷ್ ಮೆತ್ತಗ ಮಾತಾಡಬೇಕಲ್ರೀ ಅಕ್ಕೋರ. ಬಾಯಿ ತಗದ್ರ ಮಗ್ಗದ ಮಂದಿ ಅಂತಾರ.”

ನನಗೆ ಮೈಯೆಲ್ಲ ಉರಿದದ್ದು ಇದಕ್ಕೇ. ಮಗ್ಗದ ಮನೆಗಳಲ್ಲಿ ಮಾತನ್ನು ಕೇಳುವುದಿಲ್ಲ, ನೋಡುತ್ತಾರೆ. ಚಹಾ ಬೇಕೋ ಬೇಡವೋ ಎಂಬುದನ್ನೂ ಆ ಸದ್ದಿನಲ್ಲಿ ಎದುರಿನವರ ಬಾಯಿ ನೋಡಿಯೇ ತಿಳಿಯಬೇಕು. ಹಾಗಾಗಿ ಎಲ್ಲರೂ ಬಾಯಿ ಅಗಲಿಸಿ ಮಾತಾಡುತ್ತಾರೆ, ಇವಳೂ ಅಲ್ಲಿ ಹಾಗೇ. ನನ್ನ ಕೋಣೆಗೆ ಬಂದು ಪುಸ್ತಕ ತೆರೆದಳೋ, ಬಾಯಿಗೆ ಬೀಗ. ಇಂಗ್ಲಿಷ್ ಮಾತಾಡುವವರಿಗೆಲ್ಲ ಸಣ್ಣ ಬಾಯಿರುತ್ತದೆ ಎಂದು ಇವರಿಗೆ ಯಾರು ಹೇಳಿಕೊಟ್ಟರೋ! ಬೈದೆ, ರಮಿಸಿದೆ, ಒಂದು ದಿನ ಪುಸ್ತಕ ಬಿಸಾಕಿ ಎದ್ದುಹೋದೆ. ಮರುದಿನ ಕರೆಂಟ್ ಹೋದ ಕೂಡಲೇ ಬಂದು ಕೂತಳು, ಮತ್ತದೇ ಪೆನ್.

ಸಂದರ್ಶನದ ದಿನ ಸಂಜೆಯಾದರೂ ಅವಳಿಂದ ಸುದ್ದಿಯಿಲ್ಲ. ತಡೆಯಲಾಗದೆ ನಾನೇ ಹೋದೆ. ಕರೆಂಟ್ ಇತ್ತು, ಮಗ್ಗಗಳು ಓಡುತ್ತಿದ್ದವು. ಅವಳು ಆಗಲೇ ಹಳೆ ಸೀರೆ ಉಟ್ಟು, ಆಚೆ ಬದಿಯ ಮಗ್ಗದಲ್ಲಿ ಹರಿದ ಎಳೆ ಕಟ್ಟುತ್ತಿದ್ದಳು. ಏನಾಯಿತೆಂದು ಬಾಗಿಲಿನಿಂದಲೇ ಕೈ ಮಾಡಿ ಕೇಳಿದೆ.

ನನ್ನತ್ತ ತಿರುಗಿ ಹೇಳಿದಳು. ಒಂದಕ್ಷರವೂ ಕಿವಿಗೆ ಬೀಳಲಿಲ್ಲ. ಆದರೆ ಗದ್ದ ತಾನಾಗಿಯೇ ಕೆಳಗಿಳಿದಿತ್ತು, ತುಟಿಗಳು ಎರಡೂ ಬದಿಗೆ ಸರಿದಿದ್ದವು. ‘ಪ್ಯಾನ್’ ಅನ್ನಲು ನಾನು ಇಷ್ಟು ದಿನ ಕೇಳಿಕೊಂಡ ಬಾಯಿ ಅದೇ.

“ಬ್ಯಾಡ ಅಂದ್ಬಿಟ್ರು, ಅಕ್ಕೋರ.”