ಅಡುಗೆಮನೆಯ ಕಿಟಕಿಯಲ್ಲಿ ಐದು ಫೋನು

ನಾವು ಆನ್‌ಲೈನ್ ತರಬೇತಿ ಮುಗಿಸುತ್ತಿದ್ದ ರೀತಿಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬೂದಿಕೋಟೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ನಾವು ಐದು ಜನ ಶಿಕ್ಷಕರು. ತರಬೇತಿಯ ವಿಡಿಯೊ ಆಗಾಗ ನಿಂತುಬಿಡುತ್ತಿತ್ತು. ‘ಮುಂದೆ’ ಎಂಬುದನ್ನು ಒತ್ತಿದರೆ ಮಾತ್ರ ಸಾಗುತ್ತಿತ್ತು. ಅದನ್ನು ಒತ್ತಲೂ ನಮಗೆ ಮೈಗಳ್ಳತನ. ಐದೂ ಫೋನುಗಳನ್ನು ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿ, ಒತ್ತುವ ಕೆಲಸವನ್ನು ಬಿಸಿಯೂಟ ಮಾಡುವ ಅಕ್ಕನ ಮೇಲೆ ಹೊರಿಸಿದ್ದೆವು. ಅವಳು ಸೊಪ್ಪು ಬಿಡಿಸುತ್ತಲೇ ಒತ್ತುತ್ತಿದ್ದಳು. ಕೊನೆಯ ಪರೀಕ್ಷೆಯ ಉತ್ತರಗಳು ಹೇಗೂ ವಾಟ್ಸಾಪ್ ಗ್ರೂಪಿಗೆ ಬಂದು ಬೀಳುತ್ತಿದ್ದವು.

ಒಂದು ಮಧ್ಯಾಹ್ನ ಊಟದ ಸಾಲಿನಲ್ಲಿ ಮೂರನೇ ತರಗತಿಯ ಹುಡುಗಿಯೊಬ್ಬಳು ತಟ್ಟೆ ಹಿಡಿದು ಏನೋ ಕೇಳಲು ಒದ್ದಾಡುತ್ತಿದ್ದಳು. ಅವಳಿಗೆ ಮಾತು ತೊದಲುತ್ತದೆ.

“ಬೇಗ ಹೇಳೇ, ಹಿಂದೆ ಎಲ್ಲಾ ಕಾಯ್ತಿದ್ದಾರೆ” ಎಂದು ಗದರಿದೆ.

ಅಕ್ಕ ಸೌಟು ಹಿಡಿದು ಹಾಗೇ ನಿಂತಳು. “ಸುಮ್ಕಿರಿ ಮೇಡಂ. ಇಂತಾ ಮಕ್ಕಳಿಗೆ ಅವಸರ ಮಾಡಬಾರ್ದು, ಅವ್ರೇ ಮಾತು ಮುಗ್ಸೋಗಂಟ ಕಾಯ್ಬೇಕು ಅಂತ ನಿಮ್ ಫೋನಾಗೇ ಯೋಳಿದ್ರಲ್ಲ?”

ಸಾಲೆಲ್ಲ ಕಾಯಿತು. ಹುಡುಗಿ ತಡವರಿಸುತ್ತ, ಕೊನೆಗೂ ಪೂರ್ತಿ ಹೇಳಿದಳು: “ಇನ್ನೊಂಚೂರು ಅನ್ನ ಇಕ್ಕಿ.”

ಅಷ್ಟರಲ್ಲಿ ಆ ತರಬೇತಿಯ ಪ್ರಮಾಣಪತ್ರವನ್ನು ನಾನು ಬಂಗಾರಪೇಟೆಯಲ್ಲಿ ಲ್ಯಾಮಿನೇಷನ್ ಮಾಡಿಸಿ ತಂದಾಗಿತ್ತು. ಮುಖ್ಯ ಶಿಕ್ಷಕರ ಕೋಣೆಯ ಗೋಡೆಯ ಮೇಲೆ ನನ್ನ ಹೆಸರು ಹೊತ್ತು ಈಗಲೂ ಹೊಳೆಯುತ್ತಿದೆ.

ಆ ಹುಡುಗಿ ಪದ್ಯ ಒಪ್ಪಿಸಲು ಅಡುಗೆಮನೆಗೆ ಹೋಗುತ್ತಾಳೆ.