ಅಕ್ಕನ ಪ್ರಾಯದ ಟಿಕೇಟು

ಮೆಟ್ರೋ ಸ್ಟೇಷನ್ನಿನ ಕೌಂಟರಿನ ಹುಡುಗಿ ಗಾಜಿನ ಕೆಳಗಿನಿಂದ ನೀಲಿ ಬಣ್ಣದ ಕಾರ್ಡೊಂದನ್ನು ನನ್ನತ್ತ ತಳ್ಳಿ, ನಗುತ್ತಾ ಅಭಿನಂದನೆ ಹೇಳಿದಳು. ಅರವತ್ತು ತುಂಬಿದ್ದಕ್ಕೆ ಅಭಿನಂದನೆ! ಇನ್ನು ಮುಂದೆ ದುಬೈಯ ಮೆಟ್ರೋದಲ್ಲೂ ಬಸ್ಸಿನಲ್ಲೂ ನನಗೆ ಅರ್ಧ ಟಿಕೇಟು. ಕಾರ್ಡಿನ ಮೇಲೆ ನನ್ನ ಫೋಟೋ, ನನ್ನ ಹೆಸರು. ಹೊಸ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಹೋಗಿರಲಿಲ್ಲ. ಯಾಕೋ ಅದನ್ನು ಮೂಗಿನ ಹತ್ತಿರ ಹಿಡಿದೆ... ಸತ್ವಾ ಬಡಾವಣೆಯ ಆ ಹಳೆಯ ವಿಲ್ಲಾದ ಅಡುಗೆಮನೆ, ಬಂಗುಡೆ ಹುರಿಯುವ ಹೊಗೆ, ಆ ಹೊಗೆಯ ನಡುವೆ ಇಂಥದ್ದೇ ಒಂದು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡುತ್ತಾ ನಿಂತಿದ್ದ ಬಾಯಮ್ಮ, ಎಲ್ಲ ಒಟ್ಟಿಗೇ ಬಂದುಬಿಟ್ಟವು.

ನಮ್ಮ ಉಡುಪಿ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎನ್ನುವುದು ರೂಢಿ. ನಾನೂ ಹಾಗೆಯೇ ಕರೆದೆ, ಕೊನೆಯವರೆಗೂ ಹಾಗೆಯೇ ಉಳಿಯಿತು. ವಿಲ್ಲಾ ಎನ್ನುವುದು ಹೆಸರಿಗೆ ಮಾತ್ರ ದೊಡ್ಡಸ್ತಿಕೆ. ಒಂದೊಂದು ಕೋಣೆಯನ್ನು ಪ್ಲೈವುಡ್ಡಿನಿಂದ ಎರಡು ಮೂರಾಗಿ ಸೀಳಿ ಬಾಡಿಗೆಗೆ ಕೊಟ್ಟ ಮನೆ ಅದು. ನನ್ನ ಗಂಡ ಅಬುಧಾಬಿಯ ಮುಸಫ್ಫಾದ ವರ್ಕ್‌ಶಾಪಿನಲ್ಲಿ ದುಡಿಯುತ್ತಾ ಕಂಪನಿಯ ರೂಮಿನಲ್ಲಿದ್ದರು. ನಾನು ದುಬೈಯ ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿದ್ದೆ. ಗಂಡ ಹೆಂಡತಿ ವಾರಕ್ಕೊಮ್ಮೆ ಮುಖ ನೋಡುವ ಸಂಸಾರ. ಉಳಿದ ದಿನಗಳಲ್ಲಿ ನನಗೆ ಮನೆಯವರ ಸ್ವರ ಎಂದರೆ ಪ್ಲೈವುಡ್ಡಿನ ಆಚೆಯಿಂದ ಕೇಳುತ್ತಿದ್ದ ಬಾಯಮ್ಮನ ಜಪಮಾಲೆಯ ಪ್ರಾರ್ಥನೆ, ಆಮೇಲೆ ಅವರ ಗೊರಕೆ.

ಅವರು ಮೊದಲು ಅಬುಧಾಬಿಯ ಖಾಲಿದಿಯಾದ ಒಂದು ಮನೆಯಲ್ಲಿ ಕೆಲಸಕ್ಕಿದ್ದು, ಆ ಮನೆಯ ಮಕ್ಕಳು ದೊಡ್ಡವರಾದ ಮೇಲೆ ದುಬೈಗೆ ಬಂದು ನರ್ಸರಿ ಶಾಲೆಯೊಂದರಲ್ಲಿ ಆಯಾ ಆಗಿದ್ದರು. ಮದುವೆ ಆಗಿರಲಿಲ್ಲ. ಊರಲ್ಲಿ ತಮ್ಮನ ಸಂಸಾರವಿತ್ತು. ನಡೆಯಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು. ನನಗಿಂತ ದೊಡ್ಡವರೆಂದು ತಿಳಿದು ನಾನು ನೀವು ಎನ್ನುತ್ತಿದ್ದೆ, ಅವರು ನನ್ನನ್ನು ನೀನು ಎನ್ನುತ್ತಿದ್ದರು.

ರೈಲಿನ ಮಾತು ಶುರುವಾದದ್ದು ಅಡುಗೆಮನೆಯಲ್ಲಿ. ಮಹಡಿಯ ಭಟ್ಕಳದ ದೀದಿ ತನ್ನ ತಮ್ಮನ ಬಗ್ಗೆ ಜಂಬ ಕೊಚ್ಚುತ್ತಿದ್ದಳು. ಅವನು ಲಂಡನ್ನಿನಲ್ಲಿದ್ದಾನಂತೆ, ಅಲ್ಲಿ ಅರವತ್ತು ದಾಟಿದ ಮೇಲೆ ರೈಲು ಬಸ್ಸು ಎಲ್ಲ ಪುಕ್ಕಟೆಯಂತೆ. ನಮ್ಮೂರಲ್ಲಿ ಹೆಂಗಸರಿಗೆ ಐವತ್ತೆಂಟಕ್ಕೇ ಅರ್ಧ ಟಿಕೇಟಿತ್ತು, ಕೊರೋನಾ ಬಂದು ಅದೂ ಹೋಯಿತು ಎಂದೆ ನಾನು. ಬಾಯಮ್ಮ ಮೀನು ಮಗುಚುತ್ತಾ, ಆ ಐವತ್ತೆಂಟಕ್ಕೆ ತಾನು ಎಷ್ಟು ವರ್ಷದಿಂದ ಕಾದಿದ್ದೆ, ತುಂಬುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿಬಿಟ್ಟರು ಎಂದು ಗೊಣಗಿದರು. ಊರು ಕೊಡದ್ದನ್ನು ಪರದೇಶ ಕೊಡುತ್ತದೆ, ಇಲ್ಲಿ ಅರವತ್ತಕ್ಕೆ ನೀಲಿ ಕಾರ್ಡು ಉಂಟಲ್ಲ ಎಂದು ದೀದಿ ಸಮಾಧಾನ ಹೇಳಿದಳು. ಆ ಮಾತು ಕೇಳಿ ಅರ್ಜಿ ಹಾಕಿ ತಂದ ಕಾರ್ಡು ಅದು.

ಕಾರ್ಡು ಕೈಗೆ ಬಂದ ದಿನ, ದೀದಿ ಮೇಲೆ ಹೋದ ಮೇಲೆ ಬಾಯಮ್ಮ ಕಾರ್ಡನ್ನು ನನ್ನ ಮುಂದೆ ಹಿಡಿದು ಹೇಳಿದರು: "ನೋಡು, ಫೋಟೋ ನನ್ನದು. ಹೆಸರು, ಪ್ರಾಯ ನನ್ನ ಅಕ್ಕನದ್ದು."

ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಅವರು ಹುಟ್ಟುವ ಮೊದಲೇ ಅವರ ಅಕ್ಕ ಜ್ವರದಲ್ಲಿ ತೀರಿಹೋಗಿದ್ದಳು, ಇನ್ನೂ ಶಾಲೆಗೆ ಹೋಗುವ ಪ್ರಾಯ ಆಗಿರಲಿಲ್ಲ. ಇಗರ್ಜಿಯ ಸಿಮೆಟ್ರಿಯಲ್ಲಿ ಮಣ್ಣು ಮಾಡಿದ್ದರು, ಸರಕಾರಕ್ಕೆ ಯಾರೂ ಹೇಳಲು ಹೋಗಿರಲಿಲ್ಲ. ಇವರಿಗೆ ಇಪ್ಪತ್ತೆರಡಾದಾಗ ಗಲ್ಫಿನ ಕೆಲಸ ಬಂತು. ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ ಮೂವತ್ತು ಆಗಿರಬೇಕು, ಇಲ್ಲದಿದ್ದರೆ ಬಿಡುವುದಿಲ್ಲ ಎಂದನಂತೆ ಏಜೆಂಟು. ಆ ಕಾಲದಲ್ಲಿ ಪ್ರಾಯ ಏರಿಸಿ ಇಳಿಸಿ ಬಂದವರು ನಮ್ಮ ಕಡೆ ಮನೆಗೊಬ್ಬರು ಸಿಗುತ್ತಾರೆ, ಅದರಲ್ಲಿ ವಿಶೇಷವಿಲ್ಲ. ಆದರೆ ಇವರ ಅಮ್ಮ ಪೆಟ್ಟಿಗೆಯಿಂದ ತೆಗೆದು ಕೊಟ್ಟದ್ದು ಸತ್ತ ಮಗಳ ಜ್ಞಾನಸ್ನಾನದ ಸರ್ಟಿಫಿಕೇಟು. ಅವಳಿದ್ದಿದ್ದರೆ ಅವಳೇ ಹೋಗುತ್ತಿದ್ದಳು, ಈಗ ನೀನು ಹೋಗು, ಅವಳನ್ನೂ ಕರೆದುಕೊಂಡು ಹೋಗು ಎಂದಿದ್ದರಂತೆ. ಪಾಸ್‌ಪೋರ್ಟು ಆ ಹೆಸರಿನಲ್ಲಿ ಆಯಿತು, ವೀಸಾ ಆಯಿತು, ಸಂಬಳ ಆಯಿತು. ಮೂವತ್ತು ವರ್ಷ ಈ ದೇಶದಲ್ಲಿ ಅಕ್ಕನೇ ಬದುಕಿದಳು. ಫೋನಿನಲ್ಲಿ ಅಮ್ಮನೂ ಕಡೆಕಡೆಗೆ ಇವರನ್ನು ಅಕ್ಕನ ಹೆಸರಿನಿಂದಲೇ ಕರೆಯುತ್ತಿದ್ದರಂತೆ...

ಆಗ ನನಗೆ ಐವತ್ತೇಳು. ಅಂದರೆ ಬಾಯಮ್ಮ ನನಗಿಂತ ಐದು ವರ್ಷ ಚಿಕ್ಕವರು. ಇನ್ನು ನೀನು ಎಂದು ಕರೆಯಲಾ ಎಂದು ಕೇಳಿದೆ. ಎರಡು ದಿನ ಪ್ರಯತ್ನವನ್ನೂ ಮಾಡಿದೆ, ನಾಲಿಗೆ ತಿರುಗಲಿಲ್ಲ. ನಿಮ್ಮ ನಿಜವಾದ ಹೆಸರೇನು ಎಂದೂ ಕೇಳಿದೆ. ಅದೊಂದನ್ನು ಅವರು ಹೇಳಲಿಲ್ಲ.

"ಅದು ಊರಲ್ಲಿ ಉಂಟು," ಎಂದರು. "ಅಲ್ಲಿಗೆ ಹೋಗಿ ತೆಕ್ಕೊಳ್ತೇನೆ. ಇಲ್ಲಿ ಬೇಡ."

ಕಾರ್ಡು ಬಂದ ಮೇಲೆ ರಜಾದಿನಗಳಲ್ಲಿ ಅವರಿಗೆ ರೈಲಿನ ಹುಚ್ಚು ಹಿಡಿಯಿತು. ಜಾಫಿಲಿಯಾ ಸ್ಟೇಷನ್ನಿಗೆ ನಡೆದುಹೋಗಿ ಮೆಟ್ರೋ ಹತ್ತಿ, ಕೊನೆಯ ಸ್ಟೇಷನ್ನಿನವರೆಗೆ ಹೋಗಿ ವಾಪಸು ಬರುವುದು. ಎಲ್ಲಿಗೆ ಎಂದು ಕೇಳಿದರೆ ಅಕ್ಕನಿಗೆ ಊರು ತೋರಿಸಲಿಕ್ಕೆ ಎನ್ನುತ್ತಿದ್ದರು. ಮೂವತ್ತು ವರ್ಷ ದುಡಿಸಿದ್ದೇನೆ, ಒಂದು ದಿನ ತಿರುಗಾಡಿಸಿಲ್ಲ ಎಂದು ನಗುತ್ತಿದ್ದರು. ಕೆಲವು ಸಲ ನಾನೂ ಜೊತೆಗೆ ಹೋದೆ. ಕಾರ್ಡು ತಾಗಿಸಿ ಗೇಟು ತೆರೆದ ಕೂಡಲೇ ಅವರು ದಾಟುತ್ತಿರಲಿಲ್ಲ. ಚೂರು ಪಕ್ಕಕ್ಕೆ ಸರಿದು, ಹಿರಿಯರಿಗೆ ದಾರಿ ಬಿಟ್ಟ ಹಾಗೆ ನಿಂತು, ಆಮೇಲೆ ದಡಬಡಿಸಿ ನುಗ್ಗುತ್ತಿದ್ದರು. ಒಮ್ಮೆ ಗೇಟು ಮುಚ್ಚಿಯೇ ಹೋಯಿತು. ದುಡ್ಡು ಕಡಿತವಾಗಿತ್ತು, ಬಾಯಮ್ಮ ಹೊರಗೇ ಇದ್ದರು.

"ಅಕ್ಕ ಹೋದಳು," ಎಂದರು ನನ್ನನ್ನು ನೋಡಿ. ಅವರ ಮುಖದಲ್ಲಿ ನಗು ಇತ್ತು. ನಾನು ಮೊದಲೇ ಗೇಟು ದಾಟಿ ಒಳಗೆ ನಿಂತಿದ್ದೆ. ಬೆನ್ನ ಹಿಂದೆ ತಿರುಗಿ ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ.

ಇನ್ನೊಂದು ಹೆದರಿಕೆ ಅವರಿಗೆ ಚೆಕ್ಕಿಂಗಿನವರದ್ದು. ಐವತ್ತೆರಡರ ಹೆಂಗಸು ಅರವತ್ತರ ಕಾರ್ಡು ಹಿಡಿದು ಕೂತರೆ ಕೇಳದೆ ಇರುತ್ತಾರಾ ಎಂದು. ಕೇಳಿದರೆ ಪಾಸ್‌ಪೋರ್ಟಿನಲ್ಲೂ ಅದೇ ಉಂಟಲ್ಲ ಎಂದು ನಾನು ಸಾವಿರ ಸಲ ಹೇಳಿದೆ. ಅವರ ತಲೆಗೆ ಹೋಗಲಿಲ್ಲ. ಮೊದಲು ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟರು. ಆಮೇಲೆ ಸ್ಟೇಷನ್ನಿನೊಳಗೆ ಮಾತ್ರ ಸ್ವಲ್ಪ ಬಾಗಿ ನಡೆಯತೊಡಗಿದರು. ಮೆಟ್ಟಿಲ ಹತ್ತಿರ ಬಂದಾಗ ಮಂಡಿ ಹಿಡಿದುಕೊಂಡು "ಜೆಜು..." ಎಂದು ಯೇಸುವನ್ನು ಕರೆಯುವುದು. ರೈಲಿನಲ್ಲಿ ಯಾರೋ ಹುಡುಗಿ ಎದ್ದು ಸೀಟು ಕೊಟ್ಟರೆ ಬಾಯಮ್ಮನಿಗೆ ಪರೀಕ್ಷೆ ಪಾಸಾದ ಖುಷಿ.

ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಎಂದು ನಾನು ಗೇಲಿ ಮಾಡುತ್ತಿದ್ದೆ. ಗಾದೆ ಸುಳ್ಳಾಗಲಿಲ್ಲ. ಕೆಲವು ತಿಂಗಳಲ್ಲಿ ಅವರು ಅಡುಗೆಮನೆಯಲ್ಲೂ ಬಾಗಿಯೇ ನಡೆಯುತ್ತಿದ್ದರು. ಮಂಡಿ ನಿಜವಾಗಿಯೂ ಊದಿತ್ತು. ನಮ್ಮ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರು ಕಂಪ್ಯೂಟರಿನಲ್ಲಿ ಪ್ರಾಯ ನೋಡಿ, ಅರವತ್ತರಲ್ಲಿ ಇದೆಲ್ಲ ಇರುವುದೇ ಎಂದರು. ನಾನು ಬಾಯಿ ತೆರೆಯಲು ಹೊರಟಾಗ ಬಾಯಮ್ಮ ನನ್ನ ಕೈ ಅದುಮಿದರು. ಹೊರಗೆ ಬಂದ ಮೇಲೆ, ಅಕ್ಕ ಈಗ ಹತ್ತಿರ ಬಂದಿದ್ದಾಳೆ, ಮೊದಲು ಮುಂದೆ ಮುಂದೆ ಹೋಗ್ತಿದ್ದಳು ಎಂದರು. ಯಾವ ಅರ್ಥದಲ್ಲಿ ಹೇಳಿದರೋ, ಕೇಳುವ ಧೈರ್ಯ ನನಗಾಗಲಿಲ್ಲ.

ಆ ಬೇಸಿಗೆಯಲ್ಲಿ ಪಕ್ಕದ ವಿಲ್ಲಾದ ಟೈಲರೊಬ್ಬರು ಮಲಗಿದಲ್ಲೇ ಹೋದರು. ಹೆಣವನ್ನು ಊರಿಗೆ ಕಳಿಸುವ ಓಡಾಟದಲ್ಲಿ ವಾರದ ರಜೆಗೆ ಬಂದಿದ್ದ ನನ್ನ ಗಂಡನೂ ಸೇರಿದ್ದರು. ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದೇ ಎಲ್ಲ ಕಾಗದದಲ್ಲೂ ಬರಬೇಕು, ಒಂದಕ್ಷರ ಆಚೀಚೆ ಆದರೆ ಪೆಟ್ಟಿಗೆ ನಿಂತಲ್ಲೇ ನಿಲ್ಲುತ್ತದೆ ಎಂದು ಅವರು ಹೇಳುವುದನ್ನು ಬಾಯಮ್ಮ ಬಾಗಿಲಿನಲ್ಲಿ ನಿಂತು ಕೇಳಿದರು. ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. ನನ್ನ ಮಂಚದ ತುದಿಯಲ್ಲಿ ಬಂದು ಕೂತರು.

"ನಾನು ಇಲ್ಲಿ ಸತ್ತರೆ ಅಕ್ಕ ಎರಡನೇ ಸಲ ಸಾಯ್ತಾಳೆ," ಎಂದರು. "ನಾನು ಸಾಯುವುದೇ ಇಲ್ಲ. ಹುಟ್ಟಿದ ಲೆಕ್ಕ ಉಂಟು, ಸತ್ತ ಲೆಕ್ಕ ಇಲ್ಲ. ಅಂಥವರು ಎಲ್ಲಿಗೆ ಹೋಗುವುದು, ಹೇಳು?"

ಹಾಗೆಲ್ಲ ಮಾತಾಡಬೇಡಿ ಎಂದು ಗದರಿದೆ. ಆದರೆ ಅಂದಿನಿಂದ ಅವರಿಗೆ ಬೇಕಾದದ್ದು ಒಂದೇ, ಜೀವ ಇರುವಾಗಲೇ ಊರು ಸೇರುವುದು, ತನ್ನ ಹೆಸರಿನಲ್ಲಿ ಸಾಯುವುದು. ಒಬ್ಬ ಹೆಂಗಸಿಗೆ ಇಷ್ಟು ಸಣ್ಣ ಆಸೆ ಇರಬಹುದೆಂದು ನನಗೆ ಗೊತ್ತಿರಲಿಲ್ಲ.

ಹೋಗುವ ದಾರಿಯನ್ನೂ ಅಕ್ಕನೇ ತೆರೆದಳು. ಅರವತ್ತು ದಾಟಿದವರ ವೀಸಾ ಇನ್ನು ಬೇಡ ಎಂದಿತು ನರ್ಸರಿ. ಇನ್ನೂ ಎಂಟು ವರ್ಷ ದುಡಿಯಬಹುದಾದ ಹೆಂಗಸು ಅಳುತ್ತಾ ಕೂರಬೇಕಿತ್ತು. ಬಾಯಮ್ಮ ಪೆಟ್ಟಿಗೆ ಕಟ್ಟಿದರು. ಏರ್‌ಪೋರ್ಟಿಗೆ ಟ್ಯಾಕ್ಸಿ ಬೇಡ, ಮೆಟ್ರೋದಲ್ಲೇ ಹೋಗುವ ಎಂದು ಹಟ ಹಿಡಿದರು. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದರು. ಇಳಿಯುವಾಗ ಮಾತ್ರ ಖಾಲಿ ಸೀಟಿನ ಕಡೆ ತಿರುಗಿ ಕೊಂಕಣಿಯಲ್ಲಿ ಏನೋ ಅಂದರು. ಬಾ ಎಂದಿರಬೇಕು. ಇಲ್ಲಿಯೇ ಇರು ಎಂದಿರಬಹುದೇ... ನನಗೆ ಕೊಂಕಣಿ ಬಾರದು.

ಊರಿಗೆ ಹೋದ ಮೇಲೆ ಆಗೊಮ್ಮೆ ಈಗೊಮ್ಮೆ ವಾಯ್ಸ್ ಮೆಸೇಜು ಕಳಿಸುತ್ತಿದ್ದರು. ಒಂದು ಸಲ ಇಗರ್ಜಿಯ ಹೆಂಗಸರ ಜೊತೆ ರೈಲಿನಲ್ಲಿ ವೇಲಾಂಕಣಿಗೆ ಹೋಗಿಬಂದದ್ದನ್ನು ಹೇಳಿದರು. ಅರ್ಧ ಟಿಕೇಟು ಇಲ್ಲ, ಪೂರ್ತಿ ಕೊಟ್ಟೆ. ಆದರೆ ಕಾಗದದ ಪ್ರಾಯ ನೋಡಿ ಕೆಳಗಿನ ಬರ್ತು ಕೊಟ್ಟಿದ್ದರು. ಅಕ್ಕನಿಗೆ ಸಿಕ್ಕಿದ್ದಲ್ಲವಾ, ನಾನು ಮಲಗಲಿಲ್ಲ, ಕಾಲ ಬದಿಯಲ್ಲಿ ಕೂತೇ ಹೋದೆ ಎಂದಿದ್ದರು. ಸ್ವರ ಹಗುರವಾಗಿತ್ತು. ಊರಿನಲ್ಲಿ ಎಲ್ಲರೂ ಈಗ ತನ್ನ ಹೆಸರು ಹಿಡಿದೇ ಕರೆಯುತ್ತಾರೆ, ಮೊದಮೊದಲು ಯಾರನ್ನೋ ಕರೆದರೆಂದು ತಿರುಗಿ ನೋಡುವುದೇ ಮರೆಯುತ್ತಿತ್ತು ಎಂದೂ ನಕ್ಕಿದ್ದರು. ಆಮೇಲೆ ಮೆಸೇಜು ಕಡಿಮೆಯಾಯಿತು. ಊರಿಗೆ ಹೋದವರು ಹೀಗೆಯೇ, ನಾಲ್ಕು ದಿನಕ್ಕೆ ಇಲ್ಲಿಯವರನ್ನು ಮರೆಯುತ್ತಾರೆ ಎಂದು ನಾನೂ ಸುಮ್ಮನಾದೆ.

ಮೊನ್ನೆ ಕಾರ್ಡು ಕೈಗೆ ಬಂದ ಕೂಡಲೇ ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಅವರಿಗೆ ಫೋನು ಮಾಡಿದೆ. ನಾನೂ ಮುದುಕಿಯಾದೆ ಬಾಯಮ್ಮ ಎಂದು ಹೇಳಿ ನಗಿಸಬೇಕೆಂದಿದ್ದೆ. ಎತ್ತಿದ್ದು ಚಿಕ್ಕ ಪ್ರಾಯದ ಹೆಣ್ಣು ಸ್ವರ, ತಮ್ಮನ ಮನೆಗೆ ಹೊಸದಾಗಿ ಬಂದ ಸೊಸೆಯಂತೆ. ನನಗೆ ಗೊತ್ತಿದ್ದದ್ದು ಪಾಸ್‌ಪೋರ್ಟಿನ ಹೆಸರೊಂದೇ. ಆ ಹೆಸರು ಹೇಳಿ, ಇದ್ದಾರಾ ಎಂದು ಕೇಳಿದೆ.



"ಅವರು ಸಣ್ಣದಿರುವಾಗಲೇ ತೀರಿಹೋದದ್ದಂತೆ, ಆಂಟಿ," ಎಂದಳು. "ಸಂಜೆ ಪ್ರಾರ್ಥನೆಯಲ್ಲಿ ಹೆಸರು ಹೇಳ್ತೇವೆ. ನಿಮಗೆ ಯಾರು ಬೇಕಿತ್ತು?"

ಗಲ್ಫಿನಲ್ಲಿದ್ದವರು ಎಂದೆ. ಓ, ಅವರಾ ಎಂದು ಅವಳು ಇನ್ನೊಂದು ಹೆಸರು ಹೇಳಿದಳು. ಅವರೂ ಹೋಗಿ ಎರಡು ತಿಂಗಳಾಯಿತು, ಎದೆನೋವು ಅಂತ ಕೂತವರು ಏಳಲಿಲ್ಲ ಎಂದಳು. ಶಿಲುಬೆಯ ಮೇಲೆ ಯಾವ ಹೆಸರು ಬರೆದಿದ್ದೀರಿ ಎಂದು ಕೇಳಿದೆ. ಅವಳಿಗೆ ಪ್ರಶ್ನೆ ವಿಚಿತ್ರವಾಗಿ ಕಂಡಿರಬೇಕು. ಅವರದ್ದೇ ಹೆಸರು, ಮತ್ತೆ ಯಾರದ್ದು ಎಂದಳು.

ಆ ಹೆಸರನ್ನು ನಾನು ಎಲ್ಲೋ ಓದಿದ್ದೆ. ಕರಾವಳಿಯವರ ವಾಟ್ಸಾಪ್ ಗುಂಪಿನಲ್ಲಿ ಹುಡುಕಿದೆ, ಇತ್ತು. ಇಂಥವರು ತೀರಿಕೊಂಡರು, ಇಂಥ ಇಗರ್ಜಿಯಲ್ಲಿ ಮಣ್ಣು ಎಂದು ಯಾರೋ ಹಾಕಿದ ಸುದ್ದಿ. ಫೋಟೋ ಇರಲಿಲ್ಲ. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು, ಅವುಗಳ ನಡುವೆ ನನ್ನದೂ ಒಂದು. ಪ್ಲೈವುಡ್ಡಿನ ಆಚೆ ಅವರ ಉಸಿರು ಕೇಳುತ್ತಾ ಅಷ್ಟು ವರ್ಷ ಮಲಗಿದವಳು ನಾನು. ಗುರುತಿಲ್ಲದ ಯಾರದ್ದೋ ಸಾವೆಂದು ಕೈ ಮುಗಿದು ಮುಂದಿನ ಮೆಸೇಜಿಗೆ ಹೋಗಿದ್ದೆ.

ಅವರು ಬಯಸಿದ್ದು ಅವರಿಗೆ ಸಿಕ್ಕಿತು. ನನಗೆ ಸಂತೋಷವಾಗಬೇಕಿತ್ತು. ರೈಲುಗಳು ಬಂದು ಹೋಗುತ್ತಿದ್ದವು, ನಾನು ಬೆಂಚಿನಲ್ಲಿ ಕೂತು ಅತ್ತೆ. ಎರಡು ಹೆಸರೂ ಈಗ ನನಗೆ ಗೊತ್ತು, ಯಾವುದರಿಂದ ಕರೆದು ಅಳಬೇಕೆಂದು ಗೊತ್ತಾಗಲಿಲ್ಲ. ಆದ್ದರಿಂದ ಇಲ್ಲಿ ಒಂದನ್ನೂ ಬರೆದಿಲ್ಲ.

ನನಗೆ ಅರವತ್ತಾಯಿತು. ಅವರ ಅಕ್ಕನಿಗೂ ಆಗಿತ್ತು. ಬಾಯಮ್ಮನಿಗೆ ಮಾತ್ರ ಆಗಲೇ ಇಲ್ಲ.